ಸಿಸ್ಟರ್‌ಗಳ ಚೀಲ ಹೊತ್ತ ಆವಲಪ್ಪಣ್ಣ

ಸೇರಿರುವ ಎಲ್ಲ ಹಿರಿಯರಿಗೂ, ತಾಯಂದಿರಿಗೂ ನಮಸ್ಕಾರ. ಭಾರತಮ್ಮಕ್ಕ, ಮಗ ವೆಂಕಟ್, ಸೊಸೆ ಶ್ವೇತ — ಯಜಮಾನರಾದ ಆವಲಪ್ಪಣ್ಣನನ್ನು ಕಳೆದುಕೊಂಡ ನಿಮ್ಮ ಮನೆಯ ದುಃಖದಲ್ಲಿ ನಮಗೂ ಪಾಲಿದೆ ಎಂದುಕೊಂಡೇ ಇಷ್ಟು ಜನ ಬಂದಿದ್ದೇವೆ. ಕೋಲಾರದಿಂದ ಬಂದಿರುವ, ಸಿಸ್ಟರ್‌ಗಳ ಮುಖ್ಯಸ್ಥೆ ಮದರ್ ಅವರಿಗೆ, ನಮ್ಮ ಸಿಸ್ಟರ್ ಲೂರ್ದುಮೇರಿಯವರಿಗೆ, ಇವತ್ತು ಉಳಿ ಸುತ್ತಿಗೆ ಕೆಳಗಿಟ್ಟು ಬಂದಿರುವ, ಆವಲಪ್ಪಣ್ಣನ ಜೊತೆ ಕಲ್ಲು ಕೆತ್ತಿದ ಶಿವಾರಪಟ್ಟಣದ ಶಿಲ್ಪಿಗಳಿಗೆ — ಎಲ್ಲರಿಗೂ ವಂದನೆ.

ನಾನು ದಿಲ್ಷಾದ್. ಮಾಲೂರಿನಲ್ಲಿ ಸಿಸ್ಟರ್‌ಗಳು ನಡೆಸುತ್ತಿದ್ದ ದವಾಖಾನೆಯಲ್ಲಿ ನರ್ಸ್ ಆಗಿದ್ದೆ. ಆವಲಪ್ಪಣ್ಣನ ಜೊತೆ ಒಂಬತ್ತು ವರ್ಷ ಕೆಲಸ ಮಾಡಿದವಳು. ನನಗೆ ಭಾಷಣ ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಭಾರತಮ್ಮಕ್ಕ ಮಹಡಿ ಮೆಟ್ಟಿಲಿನಿಂದ ಬಿದ್ದು ಸೊಂಟ ಮುರಿದುಕೊಂಡ ವರ್ಷ ನಿಮಗೆಲ್ಲ ನೆನಪಿದೆ. ಮಲಗಿ ಮಲಗಿ ಬೆನ್ನು ಹುಣ್ಣಾಗಿತ್ತು. ಸಿಸ್ಟರ್ ಲೂರ್ದುಮೇರಿ ವಾರಕ್ಕೆರಡು ಸಲ ಬಸ್ಸಿನಲ್ಲಿ ಬಂದು ಗಾಯ ತೊಳೆದು ಹೋಗುತ್ತಿದ್ದರು. ಆವಲಪ್ಪಣ್ಣ ಬಾಗಿಲಲ್ಲಿ ನಿಂತು ನೋಡುತ್ತಿದ್ದರಂತೆ. ಒಂದು ದಿನ ಬಸ್ಸು ಬರಲಿಲ್ಲ. ಮುಂದಿನ ಸಲ ಸಿಸ್ಟರ್ ಬಂದು ಪಟ್ಟಿ ಬಿಚ್ಚಲು ಹೋದವರು — ಆ ಕಟ್ಟನ್ನೇ ಬೆರಳಿನಿಂದ ಸವರಿ ನೋಡಿದರು.

"ಇದನ್ನ ಯಾರು ಕಟ್ಟಿದ್ದು?"

"ನಾನೇ ಸಿಸ್ಟರ್. ತಪ್ಪಾಯ್ತಾ?"

"ಇಲ್ಲಪ್ಪ. ನನಗಿಂತ ಚೆನ್ನಾಗಿ ಕಟ್ಟಿದ್ದೀಯ."

ಸಿಸ್ಟರ್ ನಗುತ್ತಿದ್ದಾರೆ ನೋಡಿ. ನಿಜ ತಾನೇ ಸಿಸ್ಟರ್? ಅಕ್ಕ ಗುಣವಾದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆವಲಪ್ಪಣ್ಣ ಸಿಸ್ಟರ್ ಕೈಯಿಂದ ಔಷಧಿ ಚೀಲ ತೆಗೆದುಕೊಂಡು ಕೇಳಿದರು — "ಇನ್ನ ಯಾರ ಮನೆಗೆ ಹೋಗ್ಬೇಕು?"

ಮಾಸ್ತಿಯ ಬೈರಮ್ಮನ ಮನೆಗೆ ನಾವಿಬ್ಬರೂ ಮೊದಲ ಸಲ ಹೋದದ್ದು ಹೇಳಲೇಬೇಕು. ಸಕ್ಕರೆ ಕಾಯಿಲೆಯ ಕಾಲು, ಹತ್ತಿರ ಹೋದರೆ ವಾಸನೆ. ಇವರನ್ನು ನೋಡಿ ಅಜ್ಜಿ ಕಾಲು ಒಳಗೆಳೆದುಕೊಂಡಳು. "ಏನ್ಲಾ, ಕಲ್ಲು ಕುಟ್ಟೋನು ನನ್ ಕಾಲು ಮುಟ್ತೀಯಾ?"

"ಕಲ್ಲಾದ್ರೆ ಬೈಯಲ್ಲಮ್ಮ," ಅಂದರು ಇವರು. "ನೀನು ಬೈತಾ ಇದ್ದೀಯ ಅಂದ್ರೆ ಜೀವ ಗಟ್ಟಿ ಇದೆ. ಕಾಲು ಕೊಡು."

ಅಜ್ಜಿ ನಕ್ಕುಬಿಟ್ಟಳು. ಕಾಲು ಕೊಟ್ಟಳು.

ನಾಲ್ಕು ವರ್ಷದ ಹಿಂದೆ ಸಿಸ್ಟರ್‌ಗಳು ಮಾಲೂರಿನ ತಮ್ಮ ಮನೆ, ದವಾಖಾನೆ ಎರಡನ್ನೂ ಮುಚ್ಚುವುದೆಂದು ತೀರ್ಮಾನವಾಯಿತು. ಇದ್ದವರಿಗೆ ವಯಸ್ಸಾಗಿತ್ತು, ಹೊಸಬರು ಬರುತ್ತಿರಲಿಲ್ಲ. ಬೀಳ್ಕೊಡುಗೆ ಸಭೆ. ಮದರ್ ವೇದಿಕೆಯ ಮೇಲಿದ್ದರು. ಹಾರ ಹಾಕಲು ಆವಲಪ್ಪಣ್ಣನನ್ನು ಕರೆದರು. ಹಾರ ಕೈಯಲ್ಲೇ ಹಿಡಿದುಕೊಂಡು — ಹೀಗೆ — ನಿಂತರು.

"ಹಾರ ಆಮೇಲೆ ಹಾಕ್ತೀನಮ್ಮ. ಗುರುವಾರ ಬೈರಮ್ಮನ ಕಾಲು ಯಾರು ಕಟ್ತಾರೆ, ಅದು ಹೇಳಿ."

ಮದರ್ ಮೆಲ್ಲಗೆ ಅಂದರು, "ನಮ್ಮಲ್ಲಿ ಜನ ಇಲ್ಲಪ್ಪ."

"ನಾವು ಜನ ಅಲ್ವಾ?"

ಸಿಸ್ಟರ್‌ಗಳ ಸಂಸ್ಥೆ ಹುಟ್ಟಿದ್ದೇ ಹಾಸಿಗೆ ಹಿಡಿದವರ ಪಕ್ಕದಲ್ಲಿ ಹೋಗಿ ಕೂರುವುದಕ್ಕೆ. ಆ ಕೆಲಸವನ್ನು ಕೇಳಿಕೊಂಡು ಒಬ್ಬ ಶಿಲ್ಪಿ ಎದುರಿಗೆ ನಿಂತಿದ್ದ.

ನಾನು ತಲೆ ಬಗ್ಗಿಸಿಕೊಂಡು ಕೂತಿದ್ದೆ. ಯಾಕೆಂದರೆ ಹೊಸಕೋಟೆಯ ಒಂದು ನರ್ಸಿಂಗ್ ಹೋಮ್‌ಗೆ ಬರುತ್ತೇನೆಂದು ಆಗಲೇ ಒಪ್ಪಿಕೊಂಡಿದ್ದೆ. ಆವಲಪ್ಪಣ್ಣ ನನಗೆ ಇರು ಅನ್ನಲಿಲ್ಲ. "ಹೋಗೋ ಮೊದ್ಲು ಬಿಪಿ ನೋಡೋದು ಹೇಳ್ಕೊಟ್ಟು ಹೋಗಮ್ಮ" ಅಂದರು, ಅಷ್ಟೇ. ಮೂರು ದಿನ ಕಲಿಸಿದೆ. ಅರವತ್ತು ದಾಟಿದ ಮನುಷ್ಯ ಕಿವಿಗೆ ಸ್ಟೆತಸ್ಕೋಪ್ ಇಟ್ಟುಕೊಂಡು, ಕಣ್ಣು ಮುಚ್ಚಿ, ತಾನೇ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ನಾಲ್ಕನೆಯ ದಿನ ಹೊಸಕೋಟೆಗೆ ಫೋನ್ ಮಾಡಿ ಬರುವುದಿಲ್ಲ ಎಂದೆ.

ಮದರ್ ಆವಲಪ್ಪಣ್ಣನ ಮಾತು ನಡೆಸಿಕೊಟ್ಟರು. ಸಿಸ್ಟರ್ ಲೂರ್ದುಮೇರಿಯವರನ್ನು ಇನ್ನೊಂದು ವರ್ಷ ಇಲ್ಲೇ ಇರಿಸಿ ನಮಗೆ ತರಬೇತಿ ಕೊಡಿಸಿದರು. ಸಂಸ್ಥೆಯ ಸಹಸೇವಕರಾಗಿ, ಅಂದರೆ ಸಿಸ್ಟರ್‌ಗಳಾಗದೆಯೇ ಅವರ ಕೆಲಸ ಮುಂದುವರಿಸುತ್ತೇವೆಂದು, ನಾವು ಏಳು ಜನ ಪ್ರಾರ್ಥನಾ ಮಂದಿರದಲ್ಲಿ ನಿಂತು ಮಾತು ಕೊಟ್ಟೆವು. ನಮ್ಮ ಏಳು ಜನರಲ್ಲಿ ಅನಿತ ಚರ್ಚಿಗೆ ಹೋಗುವವಳು, ನಾನು ನಮಾಜು ಮಾಡುವವಳು, ಆವಲಪ್ಪಣ್ಣ ಹಣೆಗೆ ವಿಭೂತಿ ಇಟ್ಟುಕೊಂಡೇ ಬಂದಿದ್ದರು. ಯಾರೂ ಯಾರಿಗೂ ಏನನ್ನೂ ಬಿಡು ಅನ್ನಲಿಲ್ಲ.

ಊರಿನಲ್ಲಿ ಕೆಲವರು ಕೇಳಿದರು — "ಏನಪ್ಪಾ, ಮತ ಬದಲಾಯಿಸ್ಬಿಟ್ಯಂತೆ?"

"ಬೆಳಿಗ್ಗೆ ಗಣಪತಿ ಕೆತ್ತೀನಿ, ಮಧ್ಯಾಹ್ನ ಗಾಯ ತೊಳೀತೀನಿ," ಅಂದರು. "ನೀನೂ ಬಾ. ಬಕೆಟ್ ಹಿಡ್ಕೊಳ್ಳೋಕೆ ಒಬ್ರು ಬೇಕು."

ಹಾಗೆ ಕೇಳಿದ ಶ್ರೀರಾಮಪ್ಪನವರು ಮೂರನೆಯ ಸಾಲಿನಲ್ಲಿ ಕೂತಿದ್ದಾರೆ. ಈಗ ಎರಡು ವರ್ಷದಿಂದ ಬಕೆಟ್ ಅವರದ್ದೇ. ಅಲ್ವಾ ಅಣ್ಣ?

ಆವಲಪ್ಪಣ್ಣ ಬಹಳ ಹಟದವರು. ಕಲ್ಲು ಕೆತ್ತುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದು ನೂರು ಸಲ ಹೇಳಿದೆ, ಕೇಳಲಿಲ್ಲ. ಆ ಧೂಳು ಎದೆಯಲ್ಲಿ ಕೂತಿತು. ಕೊನೆಯ ಎರಡು ತಿಂಗಳು ಅವರೇ ನಮ್ಮ ರೋಗಿಯಾದರು. "ದಿಂಬು ಹಂಗಲ್ಲ ಕಣಮ್ಮ, ಹಿಂಗೆ" — ಮಲಗಿಕೊಂಡೂ ನಮಗೆ ಪಾಠ. ಹೋಗುವ ವಾರ ನಾನೇ ಧೈರ್ಯ ಮಾಡಿ ಕೇಳಿದೆ, "ಭಯ ಆಗ್ತಿದೆಯಾ ಅಣ್ಣ?"

ಉಸಿರು ಸಿಗುತ್ತಿರಲಿಲ್ಲ. ನಿಲ್ಲಿಸಿ ನಿಲ್ಲಿಸಿ ಹೇಳಿದರು — "ಇಲ್ಲಮ್ಮ. ಎಷ್ಟು ಮನೇಲಿ ನೋಡಿದ್ದೀನಿ. ಪಕ್ಕದಲ್ಲಿ... ಒಬ್ರು ಕೂತಿದ್ರೆ ಸಾಕು. ನೀವೆಲ್ಲಾ ಇದ್ದೀರಲ್ಲ."

ಇದ್ದೆವು. ಸೋಮವಾರ ಮಧ್ಯಾಹ್ನ ವೆಂಕಟ್ ಒಂದು ಕೈ ಹಿಡಿದಿದ್ದ, ನೋಡಲು ಬಂದಿದ್ದ ಸಿಸ್ಟರ್ ಲೂರ್ದುಮೇರಿ ಇನ್ನೊಂದು. ಭಾರತಮ್ಮಕ್ಕ ಹಣೆ ಸವರುತ್ತಿದ್ದರು. ನೋವಿಲ್ಲದೆ ಹೋದರು. ಹಾಗಾಗಿ ನಾನು ಇಲ್ಲಿ ಅಳುವುದಕ್ಕೆ ನಿಂತಿಲ್ಲ. ತುಂಬಿದ ಬದುಕು ಅದು. ನನಗೆ ಸಮಾಧಾನವಿದೆ, ನಿಮಗೂ ಇರಲಿ.

ಈಗ ಎಲ್ಲರೂ ಎದ್ದು ನಿಲ್ಲೋಣ. ನಿಮ್ಮ ನಿಮ್ಮ ದೇವರನ್ನು ನಿಮಗೆ ಗೊತ್ತಿರುವ ಹಾಗೆ ನೆನೆಯಿರಿ. ನಿಲ್ಲಲಾಗದವರು ಕುಳಿತೇ ಇರಿ, ನಿಮ್ಮ ಪರವಾಗಿ ನಾವು ನಿಲ್ಲುತ್ತೇವೆ. ಅಕ್ಕ, ನೀವೂ ಕೂತಿರಿ — ಬೇಡ ಅಂದರೂ ಎದ್ದೇಬಿಟ್ಟರು. ಶ್ವೇತ, ಅತ್ತೆಯ ಕೈ ಹಿಡಿದುಕೋ.

ಎರಡು ನಿಮಿಷ. ಮಾತು ಬೇಡ.