ಚೀಟಿಯಲ್ಲಿ ಮಿಕ್ಸ್, ಸಿಲಿಂಡರಿನಲ್ಲಿ ಆರ್ಗಾನ್

ಪೊಲೀಸ್ ಠಾಣೆಯಲ್ಲಿ ಹೇಳಿಕೆ ಕೊಡುತ್ತಿರುವವನ ಹೆಸರು ಗುರುತಿನ ಚೀಟಿ ನೋಡಿ ಮೇಲೆ ಬರೆದುಕೊಂಡಿರುವಂತೆ. ಬೀದಿಯವರು ಕರೆಯುವುದು ಕೀಟಲೆ ತಾತ ಎಂದು. ವಯಸ್ಸು 73 ವರ್ಷ. ಕಸುಬು: ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದೆ, ಈಗ ನಿವೃತ್ತ, ಎರಡು ವರ್ಷದಿಂದ ಮನೆಯ ಹಿಂದಿನ ಶೆಡ್ಡಿನಲ್ಲಿ ಸ್ವಂತ ಉಪಯೋಗಕ್ಕೆ ವೆಲ್ಡಿಂಗ್. ವಾಸ: ನೀರಿನ ಟ್ಯಾಂಕಿನ ಹಿಂದಿನ ಬೀದಿ, ಎಡಗಡೆ ಮೂರನೇ ಮನೆ.

ಈ ಮೂಲಕ ತಿಳಿಸುವುದೇನೆಂದರೆ, ನಾನು ಮೇಲ್ಕಂಡ ವಿಳಾಸದಲ್ಲಿ ಹೆಂಡತಿಯೊಂದಿಗೆ ವಾಸವಾಗಿರುತ್ತೇನೆ. ಒಬ್ಬನೇ ಮಗ, ಕಾರ್ಖಾನೆಯಲ್ಲಿ ಫೋರ್‌ಮನ್, 11 ಕಿ.ಮೀ. ದೂರದಲ್ಲಿ ಬೇರೆ ಮನೆ ಮಾಡಿಕೊಂಡಿರುತ್ತಾನೆ. ಅವನು ನಿನ್ನೆ ಕೊಟ್ಟ ದೂರಿನ ಮೇಲೆ ತಾವು ಹಿಡಿದು ತಂದು ಕೂರಿಸಿರುವ ಗ್ಯಾಸ್ ಅಂಗಡಿಯವನದು ಯಾವ ತಪ್ಪೂ ಇರುವುದಿಲ್ಲ. ತಪ್ಪು ನನ್ನದು. ಇವತ್ತು ಸಂಜೆ 4 ಗಂಟೆಗೆ ಅವನನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸುತ್ತೀರೆಂದು ತಿಳಿಯಿತು. ಅಷ್ಟರೊಳಗೆ ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ.

ನಮ್ಮ ಮುಂಬಾಗಿಲಿಗೆ ನಾಲ್ಕು ಮೆಟ್ಟಿಲು, ನೆಲದಿಂದ 68 ಸೆಂಟಿಮೀಟರ್ ಎತ್ತರ. ಹೋದ ತಿಂಗಳು 21ರಂದು ನನ್ನ ಹೆಂಡತಿ, ವಯಸ್ಸು 69, ಮೂರನೇ ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಳು. ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸಿ ಎಂದಳು. ಹಾಕಿಸೋದೇನು, ನಾನೇ ಹಾಕ್ತೀನಿ ಎಂದೆ. ನೀವು ಹಾಕಿದ್ದನ್ನ ನಾನು ಹಿಡ್ಕೊಂಡ್ರೆ ನನ್ನನ್ನ ಯಾರ್ರೀ ಹಿಡ್ಕೊಳ್ಳೋದು ಎಂದಳು. ಇಬ್ಬರೂ ನಕ್ಕೆವು.

ನನ್ನ ಮಷೀನು ವೈರ್ ಬಿಡುವ ಜಾತಿಯದು. ವೈರು ಕರಗುವಾಗ ಗಾಳಿ ತಾಗಿದರೆ ಬೆಸುಗೆ ಕೆಡುತ್ತದೆ. ಹಾಗಾಗದಂತೆ ಸಿಲಿಂಡರಿನಿಂದ ಒಂದು ಗ್ಯಾಸು ಬಂದು ಸುತ್ತಲೂ ಕಾಯಬೇಕು. ಈ ತಿಂಗಳು 2ರಂದು ಮನೆಯಲ್ಲಿದ್ದ ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನಲ್ಲಿ ಮೊದಲ ಕಂಬಿ ಬೆಸೆದೆ. ಬೆಸುಗೆ ಗಟ್ಟಿಯಾಗಿತ್ತು. ಆದರೆ ಕಿಡಿ ಸಿಡಿದು ಪೈಪಿನ ತುಂಬ ಸಾಸಿವೆ ಕಾಳಿನ ಹಾಗೆ ಅಂಟಿಕೊಂಡಿತ್ತು. ಹೆಂಡತಿ ಅಂಗೈಯಿಂದ ಸವರಿ ನೋಡಿದಳು, ಎರಡು ಕಡೆ ತರಚಿ ರಕ್ತ ಬಂತು. ಇದೇನು ಕಂಬಿನಾ, ತುರಿಯೋ ಮಣೆನಾ ಎಂದಳು. ಉಜ್ಜಿ ತೆಗೆಯೋಣವೆಂದರೆ ನನ್ನ ಗ್ರೈಂಡರ್ ಸುಟ್ಟು ಹೋಗಿತ್ತು. ಆ ಸಿಲಿಂಡರೂ ಅಷ್ಟಕ್ಕೇ ಖಾಲಿಯಾಯಿತು. ಅವಳ ಕೈಗೆ ನುಣ್ಣಗೆ ಸಿಗುವಂಥ ಕಂಬಿ ಮಾಡಬೇಕೆಂದು ಆವತ್ತೇ ನಿರ್ಧಾರ ಮಾಡಿದೆ.

ಮಾರನೆಯ ದಿನ ಮಗನಿಗೆ ಫೋನ್ ಮಾಡಿದೆ. ಮಿಕ್ಸ್ ತಗೋ ಅಪ್ಪ, ಆರ್ಗಾನಿಗೆ ಸ್ವಲ್ಪ ಕಾರ್ಬನ್ ಡೈಆಕ್ಸೈಡ್ ಬೆರೆಸಿರ್ತಾರೆ, ಕಿಡಿನೂ ಕಮ್ಮಿ, ಗಟ್ಟಿನೂ ಇರುತ್ತೆ, ಬೇರೆ ಏನೂ ತರಬೇಡ, ಅಂಗಡಿ ಚೀಟಿ ಇಟ್ಟಿರು, ಬಂದು ನೋಡ್ತೀನಿ ಎಂದನು. ಪಕ್ಕದಲ್ಲಿ ಕೇಳಿಸಿಕೊಳ್ಳುತ್ತಿದ್ದ ಹೆಂಡತಿ, ಇಷ್ಟು ವರ್ಷ ಮನೆಯಲ್ಲಿ ಪುಕ್ಕಟೆ ಗ್ಯಾಸು ಬಿಟ್ಟಿದ್ದು ಸಾಲದಾ, ಈಗ ಕೊಂಡು ಬೇರೆ ತರ್ತೀರಾ ಎಂದಳು. ಇದು ಬರೆಯುವಂಥದ್ದಲ್ಲ ಎಂದು ಈ ಹೇಳಿಕೆ ಬರೆದುಕೊಳ್ಳುತ್ತಿರುವ ರೈಟರ್ ಸಾಹೇಬರು ಹೇಳಿರುತ್ತಾರೆ. ಅವಳು ಆಸ್ಪತ್ರೆಗೆ ಹೋದ ಮೇಲೆ ಇಂಥದ್ದನ್ನು ಹೇಳುವವರು ಮನೆಯಲ್ಲಿ ಯಾರೂ ಇಲ್ಲವಾದ್ದರಿಂದ ಬರೆಸಿರುತ್ತೇನೆ.

4ನೇ ತಾರೀಖು ಸೋಮವಾರ ಬೆಳಿಗ್ಗೆ 10.40ಕ್ಕೆ ಮನೆಯಿಂದ 2.3 ಕಿ.ಮೀ. ದೂರದ ಗ್ಯಾಸ್ ಅಂಗಡಿಗೆ ಹೋದೆ. ಅಂಗಡಿಯವನನ್ನು ನಾನು ಗ್ಯಾಸಣ್ಣ ಎಂದು ಕರೆಯುತ್ತೇನೆ. ಮಿಕ್ಸ್ ಕೇಳಿದೆ. ಖಾಲಿ ತಾತ, ಗುರುವಾರ ಬರುತ್ತೆ ಎಂದನು. ಅದು ಗುರುವಾರ ಬರುತ್ತೆ ಕಣಪ್ಪ, ನಾನು ಗುರುವಾರದ ತನಕ ಇರ್ತೀನಾ ಎಂದೆ. ಮೂಲೆಯಲ್ಲಿ ನಿಂತಿದ್ದ ಸಿಲಿಂಡರ್ ತೋರಿಸಿ ಅದೇನು ಎಂದೆ. ಅದು ಬರೀ ಆರ್ಗಾನ್, ಅಲ್ಯೂಮಿನಿಯಂ ಕೆಲಸದವರು ಒಯ್ತಾರೆ, ನಿಮ್ಮ ಮಷೀನಲ್ಲಿ ಕಬ್ಬಿಣಕ್ಕೆ ಹಾಕಿದ್ರೆ ಬೆಸುಗೆ ಮೇಲೆ ಕೂತ್ಕೊಳ್ಳುತ್ತೆ, ಒಳಗೆ ಇಳಿಯಲ್ಲ, ಬೇಡ ಎಂದನು. ಕಿಡಿ ಸಿಡಿಯುತ್ತಾ ಎಂದೆ. ಕಿಡಿ ಅಷ್ಟಿಲ್ಲ, ಆದ್ರೂ ಬೇಡ ಎಂದನು. ನೀನು ಕಬ್ಬಿಣಕ್ಕೆ ಹೇಳಬೇಡ, ಅದಕ್ಕೆ ಓದೋಕೆ ಬರಲ್ಲ, ಗೊತ್ತಾಗಲ್ಲ ಎಂದೆ. ಬೇಡ ತಾತ, ಅಜ್ಜಿ ಹಿಡ್ಕೊಳ್ಳೋ ಕಂಬಿ ಅಂತೀರಿ ಎಂದನು. ಒಟ್ಟು ಮೂರು ಸಲ ಬೇಡ ಎಂದಿರುತ್ತಾನೆ. ಈ ಮೂರು ಸಲವನ್ನು ದಯವಿಟ್ಟು ಬಿಡದೆ ಬರೆದುಕೊಳ್ಳಬೇಕು.

ನಾನು ಆರ್ಗಾನನ್ನೇ ತೆಗೆದುಕೊಂಡೆ. ಆಮೇಲೆ ಚೀಟಿಯಲ್ಲಿ ಮಾತ್ರ ಮಿಕ್ಸ್ ಅಂತ ಬರಿ, ಮಗನಿಗೆ ತೋರಿಸಬೇಕು, ಇಲ್ಲಾಂದ್ರೆ ಚರ್ಮ ಸುಲೀತಾನೆ ಎಂದೆ. ಅವನು ಒಪ್ಪಲಿಲ್ಲ. ನಾನು ಬಾಗಿಲಲ್ಲಿದ್ದ ಸ್ಟೂಲಿನ ಮೇಲೆ ಕೂತು, ನೀನು ಬರೆಯೋ ತನಕ ಏಳಲ್ಲ, ಬಂದ ಗಿರಾಕಿಗೆಲ್ಲ ಇದು ಕಟಿಂಗ್ ಶಾಪ್ ಅಂತೀನಿ ಎಂದೆ. 11.05ರಿಂದ 11.30ರವರೆಗೆ ಕೂತಿದ್ದೆ. ಇಬ್ಬರಿಗೆ ಹೇಳಿಯೂ ಹೇಳಿದೆ; ಅವರಲ್ಲಿ ಒಬ್ಬರು ತಲೆ ಸವರಿಕೊಂಡು ಎಷ್ಟು ಹೊತ್ತಾಗುತ್ತೆ ಎಂದು ಕೇಳಿದರು. ಗ್ಯಾಸಣ್ಣ ನಕ್ಕು ನಕ್ಕು, ನಿಮ್ಮ ಕಾಟ ಯಾರಿಗೂ ಬೇಡ ತಾತ ಎಂದು ಮಿಕ್ಸ್ ಅಂತ ಬರೆದುಕೊಟ್ಟನು. ಈಗ ತಮ್ಮ ಮೇಜಿನ ಮೇಲಿರುವ ಚೀಟಿ ಅದೇ.

5ರಂದು ಹೊಸ ಕಂಬಿ ಬೆಸೆದೆ. ಬೆಸುಗೆ ಹಗ್ಗ ಹಾಸಿದ ಹಾಗೆ ಉಬ್ಬಿ ಕೂತಿತ್ತು. ಒಂದು ಕಾಳೂ ಅಂಟಿರಲಿಲ್ಲ. ಬುಡದ ತಟ್ಟೆಗೆ ನಾಲ್ಕು ಬೋಲ್ಟ್ ಹಾಕಿ ನೆಲಕ್ಕೆ ಬಿಗಿದು, 6ರಂದು ಹಸಿರು ಬಣ್ಣ ಬಳಿದೆ. 10ನೇ ತಾರೀಖು ಭಾನುವಾರ ಮಗ ಬಂದನು. ಸಿಲಿಂಡರಿಗೆ ನಾನು ಹೆಂಡತಿಯ ಹಳೆಯ ಸ್ವೆಟರ್ ತೊಡಿಸಿ, ಮೇಲಿದ್ದ ಬರಹ ಮುಚ್ಚಿದ್ದೆ. ಅದಕ್ಕೆ ಶೀತ ಆಗಿದೆ ಎಂದೆ. ಅವನು ಚೀಟಿ ನೋಡಿ, ಜೀವಮಾನದಲ್ಲಿ ಒಂದು ಸಲ ನನ್ನ ಮಾತು ಕೇಳಿದೆಯಲ್ಲ ಅಪ್ಪ ಎಂದನು.

13ರಂದು ಬೆಳಿಗ್ಗೆ 7.20ಕ್ಕೆ ಹೆಂಡತಿ ಚಪ್ಪಲಿ ಹಾಕಿಕೊಳ್ಳಲು ಎರಡೂ ಕೈಯಲ್ಲಿ ಕಂಬಿಗೆ ಒರಗಿದಳು. ನಾನು ಒಳಗೆ 4 ಮೀಟರ್ ದೂರದಲ್ಲಿ ಕನ್ನಡಕ ಒರೆಸುತ್ತಿದ್ದೆ. ಕಂಬಿ ನೆಲಕ್ಕೆ ಬಡಿದ ಸದ್ದು ಕೇಳಿ ಹೊರಗೆ ಬಂದೆ. ಬುಡದ ತಟ್ಟೆ ನಾಲ್ಕು ಬೋಲ್ಟಿನ ಸಮೇತ ನೆಲದಲ್ಲೇ ಇತ್ತು. ಬೆಸುಗೆ, ಅಂಟಿಸಿದ ಚೀಟಿ ಕಿತ್ತ ಹಾಗೆ, ಎದ್ದು ಬಂದಿತ್ತು. ಕೆಳಗೆ ಕಬ್ಬಿಣ ಕರಗಿದ ಗುರುತೇ ಇರಲಿಲ್ಲ. ಅವಳನ್ನು ಎತ್ತಲು ನನ್ನಿಂದ ಆಗಲಿಲ್ಲ. ಎದುರು ಮನೆಯವರು ಬರುವವರೆಗೆ, ಅಂದರೆ 7.35ರವರೆಗೆ, ಅವಳ ತಲೆಯ ಕೆಳಗೆ ನನ್ನ ಕೈ ಇಟ್ಟುಕೊಂಡು ಕೂತಿದ್ದೆ.

ಎಡಗಡೆ ಸೊಂಟದ ಮೂಳೆ ಮುರಿದಿದೆಯೆಂದು ಡಾಕ್ಟರು ಹೇಳಿದರು. ನೋಡೋಕೆ ಅಷ್ಟು ನುಣ್ಣಗಿತ್ತಲ್ರೀ, ಅದಕ್ಕೇ ನಂಬಿ ಒರಗಿಬಿಟ್ಟೆ ಎಂದು ಹೆಂಡತಿ ಹೇಳಿದಳು. ಮಗ ಬಂದು ಯಾವ ಗ್ಯಾಸಲ್ಲಿ ಬೆಸೆದೆ ಎಂದು ಕೇಳಿದಾಗ ಮಿಕ್ಸ್ ಎಂದೆ. ಇದು ಸುಳ್ಳು. ಆ ಹೊತ್ತಿಗೆ ನನ್ನ ಬಾಯಲ್ಲಿ ಬೇರೆ ಮಾತು ಬರಲಿಲ್ಲ.

14ರಂದು ಮಧ್ಯಾಹ್ನ ಮಗ ಶೆಡ್ಡಿಗೆ ಹೋಗಿ ಸ್ವೆಟರ್ ಬಿಚ್ಚಿ, ಸಿಲಿಂಡರಿನಲ್ಲಿ ಆರ್ಗಾನ್ ಎಂದು ಬರೆದಿರುವುದನ್ನು ನೋಡಿರುತ್ತಾನೆ. ವಯಸ್ಸಾದವರೆಂದು ಅಂಗಡಿಯವನು ಯಾಮಾರಿಸಿದ್ದಾನೆ ಎಂದು ತಿಳಿದು 5.10ಕ್ಕೆ ಇಲ್ಲಿ ದೂರು ಕೊಟ್ಟನು. 6.30ಕ್ಕೆ ಗ್ಯಾಸಣ್ಣನನ್ನು ಕರೆತಂದಿರಿ, ಅಂಗಡಿಗೆ ಬೀಗ ಹಾಕಿದಿರಿ. ವಿಷಯ ತಿಳಿದು ನಾನು ಆಸ್ಪತ್ರೆಯ ಓಣಿಯಲ್ಲಿ ಮಗನಿಗೆ ಎಲ್ಲವನ್ನೂ ಹೇಳಿದೆ. ಅವನು ಪೂರ್ತಿ ಕೇಳಿ, ಸಾಕು ಅಪ್ಪ, ಅವನ ಮೇಲೆ ಕನಿಕರಕ್ಕೆ ಕಥೆ ಕಟ್ಟಬೇಡ ಎಂದನು. ಎರಡು ವರ್ಷದ ಹಿಂದೆ ನಾನು ನನ್ನದೇ ನಿಧನವಾರ್ತೆಯನ್ನು ಅಚ್ಚು ಹಾಕಿ ಗೇಟಿಗೆ ಅಂಟಿಸಿದ್ದನ್ನು ನೆನಪಿಸಿದನು. ಸದರಿ ದಿವಸ ಹೂ ಹಿಡಿದು ಬಂದವರಲ್ಲಿ ಈ ಠಾಣೆಯ ರೈಟರ್ ಸಾಹೇಬರೂ ಒಬ್ಬರು. ಸುಳ್ಳು ಹೇಳಿದಾಗೆಲ್ಲ ಎಲ್ಲರೂ ನಂಬಿದ್ರು, ಈಗ ನಿನಗೆ ನಿಜ ಹೇಳೋಕೇ ಬರಲ್ಲ ಎಂದು ಮಗ ಹೇಳಿದನು. ಹೇಳುತ್ತಾ ಅತ್ತನು. ಅವನು ದೊಡ್ಡವನಾದ ಮೇಲೆ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇವತ್ತು 15ರಂದು ಬೆಳಿಗ್ಗೆ 10.50ಕ್ಕೆ ಠಾಣೆಗೆ ಬಂದೆ. ಗ್ಯಾಸಣ್ಣ ಒಳಗಡೆ ಗೋಡೆಗೆ ಒರಗಿ ಕೂತಿದ್ದನು. ಕಂಬಿ ಮಾಡಿದವನು ನಾನು, ಎಣಿಸುತ್ತಿರುವವನು ಅವನು ಎಂದು ರೈಟರ್ ಸಾಹೇಬರಿಗೆ ಹೇಳಿದೆ. ಅವರು ನಕ್ಕರು. ನಾನು ನಗಿಸಲು ಹೇಳಿದ್ದಲ್ಲ. ಬಾಯಿ ಅದೊಂದೇ ದಾರಿ ಕಲಿತಿದೆ.

ಸಾಕ್ಷಿಗೆಂದು 5ರಂದು ಅದೇ ಗ್ಯಾಸಿನಲ್ಲಿ ಬೆಸೆದಿದ್ದ ಒಂದು ತುಂಡನ್ನು ಚೀಲದಲ್ಲಿ ತಂದಿದ್ದೆ. ತಟ್ಟೆಯ ಮೇಲೆ ಒಂದು ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ, ಒಂದೇ ಬದಿಗೆ ಬೆಸೆದದ್ದು. ಕಾಲಲ್ಲಿ ತುಳಿದರೆ ಕಿತ್ತು ಬರುತ್ತೆ, ತಪ್ಪು ಬೆಸುಗೆಯದು, ಆ ಗ್ಯಾಸು ಆರಿಸಿಕೊಂಡವನದು, ನೋಡಿ ಎಂದೆ. 11.40ಕ್ಕೆ ಹೆಡ್ ಕಾನ್‌ಸ್ಟೇಬಲ್ ಬೂಟುಗಾಲಲ್ಲಿ ತುಳಿದರು. ಕಿತ್ತು ಬರಲಿಲ್ಲ. ಇನ್ನೊಮ್ಮೆ ತುಳಿದರು. ಅವರ ತೂಕ 90 ಕಿಲೋ ಇರಬಹುದು. ಪಟ್ಟಿ ಸ್ವಲ್ಪ ಬಾಗಿತು, ಬೆಸುಗೆ ನಿಂತಿತು. ತಾತ, ನಿಮ್ಮ ಕೈ ಚೆನ್ನಾಗಿದೆ, ಅವನ ಗ್ಯಾಸೇ ಸರಿ ಇಲ್ಲ ಎಂದರು. ಅದು ಅದೇ ಗ್ಯಾಸು ಸ್ವಾಮಿ ಎಂದೆ. ಎಲ್ಲರೂ ನಕ್ಕರು. ಅವರು ತುಳಿದದ್ದು ಬೆಸುಗೆ ಇರುವ ಕಡೆಯಿಂದ. ತುಳಿಯಬೇಕಾದದ್ದು ಬೆಸುಗೆ ಇಲ್ಲದ ಕಡೆಯಿಂದ; ಆಗ ಪಟ್ಟಿ ಬೆಸುಗೆಯ ಕಡೆಗೆ ಮಡಚಿ, ಒಳಗೆ ಇಳಿಯದ ಬೆಸುಗೆಯ ಬುಡ ಬಾಯಿ ಬಿಡುತ್ತದೆ. ತಿರುಗಿಸಿ ಎಂದು ಕೇಳುವಷ್ಟರಲ್ಲಿ ಇನ್ಸ್‌ಪೆಕ್ಟರ್ ಸಾಹೇಬರು ಬಂದು, ಸಾಕ್ಷ್ಯವನ್ನು ಯಾರು ತುಳಿಯೋಕೆ ಹೇಳಿದ್ದು ಎಂದು ಗದರಿ, ತುಂಡನ್ನು ಬಟ್ಟೆಯಲ್ಲಿ ಸುತ್ತಿಸಿ ಅರಗಿನ ಮೊಹರು ಹಾಕಿಸಿದರು. ಅದು ಪರೀಕ್ಷೆಗೆ ಹೋಗಿ ಬರಲು ಎರಡು ತಿಂಗಳು ಬೇಕೆಂದು ತಿಳಿಯಿತು.

ನಂತರ ನಾನು ಗ್ಯಾಸಣ್ಣನ ಹತ್ತಿರ ಹೋಗಿ, ನೀನಾದರೂ ಹೇಳಪ್ಪಾ ಎಂದೆ. ನಿನ್ನೆಯಿಂದ ಅದನ್ನೇ ಹೇಳ್ತಿದ್ದೀನಿ ತಾತ, ನೀವೂ ಅದನ್ನೇ ಹೇಳಿದ್ರೆ ನಾನೇ ಹೇಳಿಕೊಟ್ಟಿದ್ದೀನಿ ಅಂತಾರೆ, ಇನ್ನು ಸುಮ್ಮನಿದ್ದುಬಿಡಿ ಎಂದನು. ಆಮೇಲೆ, ಅಜ್ಜಿ ಊಟ ಮಾಡಿದ್ರಾ ಎಂದು ಕೇಳಿದನು.

ತುಂಡನ್ನು ತಿರುಗಿಸಿ ತುಳಿಯಬೇಕೆಂಬುದು ನಡೆದ ಸಂಗತಿಯಲ್ಲ, ಹೇಳಿಕೆಯಲ್ಲಿ ಬರೆಯಲು ಬರುವುದಿಲ್ಲ ಎಂದು ರೈಟರ್ ಸಾಹೇಬರು ಹೇಳಿದರು. ಬರೆಯದಿದ್ದರೆ ಸಹಿ ಹಾಕುವುದಿಲ್ಲವೆಂದು 12.30ರಿಂದ 1.15ರವರೆಗೆ ಬೆಂಚಿನ ಮೇಲೆ ಕೂತೆ. ಕೊನೆಗೆ ಬರೆದುಕೊಂಡಿರುತ್ತಾರೆ. ಆದ್ದರಿಂದ ಈ ಕಾಗದ ಯಾರ ಕೈಗೆ ಬಂದರೂ ಅವರಲ್ಲಿ ನನ್ನ ಪ್ರಾರ್ಥನೆ: ಮೊಹರು ಒಡೆದು, ಬೆಸುಗೆ ಇಲ್ಲದ ಕಡೆಯಿಂದ ಒಂದೇ ಸಲ ತುಳಿಯಿರಿ. ಬರೀ ಕಾಲಾದರೂ ಸಾಕು.

ಮೇಲಿನದೆಲ್ಲ ನಾನೇ ಹೇಳಿ ಬರೆಸಿದ್ದು. ರೈಟರ್ ಸಾಹೇಬರು ಮೊದಲಿನಿಂದ ಕೊನೆಯವರೆಗೆ ಓದಿ ಕೇಳಿಸಿದಾಗ ಅವರು ನಾಲ್ಕು ಕಡೆ ನಕ್ಕರು. ಆ ನಾಲ್ಕು ಕಡೆಯೂ ನಿಜ.

ಸ್ಥಳ: ಠಾಣೆ, ರೈಟರ್ ಮೇಜು
ತಾರೀಖು: 15, ಶುಕ್ರವಾರ, ಮಧ್ಯಾಹ್ನ 1.40
ಸಹಿ: (ಹಾಕಿದೆ, ಇದು ನಿಮ್ಮದೇ ತಾನೇ ಎಂದು ಎರಡು ಸಲ ಕೇಳಿದರು)