ಸಮಾಧಾನನ ಪಾಳಿ

೨೦೨೩ರ ಜನವರಿ ಎಂಟು, ರವಿವಾರ. ದಟ್ಟ ಮಂಜು, ಕೊರೆಯುವ ಚಳಿ. ಹೊತ್ತು ಮೂಡಿದರೂ ಬೆಳಕಿರಲಿಲ್ಲ.

ಅವತ್ತು ಕಬ್ಬೂರಿನಿಂದ ಯಡೂರಿನ ತನಕ ಸೈಕಲ್ ಶರ್ಯತ್ತು. ಒಂದು ತಂಡಕ್ಕೆ ಮೂವರು. ಮೂರನೆಯವನ ಗಾಲಿ ಗೆರೆ ದಾಟಿದರೆ ಮಾತ್ರ ತಂಡ ಮುಟ್ಟಿದ ಲೆಕ್ಕ. ನಮ್ಮ ಓಣಿಯ ವೃಷಭ, ಅವನ ಗೆಳೆಯರು ಸಿದರಾಯ ಮತ್ತು ಸಮಾಧಾನ ಒಂದು ತಂಡ.

ಒಬ್ಬರ ಹಿಂದೊಬ್ಬರು, ಗೇಣು ಅಂತರದಲ್ಲಿ ಓಡುವುದು ಅವರ ಪದ್ಧತಿ. ಮುಂದಿನವನು ಗಾಳಿ ಸೀಳಿ ಸಾಲನ್ನು ಎಳೆಯಬೇಕು, ಅದು ಅವನ ಪಾಳಿ. ದಣಿದಾಗ ಬದಿಗೆ ಸರಿದು, ಸಾಲಿನ ಕೊನೆಗೆ ಅಂಟಿಕೊಂಡು ‘ಹತ್ತೇನಿ’ ಅನ್ನಬೇಕು. ಆ ಮಾತು ಕೇಳಿದ ಮೇಲೆ ಸಾಲು ವೇಗ ಹಿಡಿಯುತ್ತದೆ. ಯಾರೂ ಹಿಂದೆ ತಿರುಗುವಂತಿಲ್ಲ. ಗಾಲಿಗೆ ಗಾಲಿ ತಾಗಿದರೆ ಎಲ್ಲರೂ ನೆಲಕ್ಕೆ. ಇನ್ನೊಂದು ಕಟ್ಟುಪಾಡೂ ಇತ್ತು. ನಿನ್ನ ಪಾಳಿಯನ್ನು ಬೇರೆಯವನು ಎಳೆದರೆ, ಮುಂದೆ ಎಂದಾದರೂ ಆ ಪಾಳಿ ತೀರಿಸಲೇಬೇಕು.

ಸಮಾಧಾನ ಜ್ವರದಿಂದ ಆಗಷ್ಟೇ ಎದ್ದಿದ್ದ.

“ಬ್ಯಾಡ ಬಿಡಲೇ, ಮುಂದಿನ ವರ್ಷ ನೋಡೂಣು,” ಎಂದ ವೃಷಭ.

“ನೀ ಏನ್ ನಮ್ಮವ್ವ ಏನ್ಲೇ? ಸುಮ್ನ ಸೈಕಲ್ ಹತ್ತು.”

ಚಿಕ್ಕೋಡಿ ದಾಟಿದರು. ಅಂಕಲಿಯ ಈಚೆ ರಸ್ತೆಗೆ ಹತ್ತಿಕೊಂಡೇ ಒಂದು ಹಾಳುಬಾವಿ, ಅದರ ಮೇಲೆ ಬಾಗಿದ ಆಲದಮರ. ಸಮಾಧಾನ ಮುಂದಿದ್ದ. ಅವನ ಏದುಸಿರು ವೃಷಭನಿಗೆ ಕೇಳಿಸುತ್ತಿತ್ತು. ಮರದ ಹತ್ತಿರ ಅವನು ಬದಿಗೆ ಸರಿದು ಹಿಂದುಳಿದ. ‘ಟಕ್’ ಎಂದು ಏನೋ ಕಡಿದ ಸಪ್ಪಳ... ಆಮೇಲೆ ಏನೂ ಇಲ್ಲ.

ವೃಷಭ ಕಾದ.

“ಹತ್ತೇನಿ.”

ಪಿಸುಮಾತು. ನಡುವೆ ಸಿದರಾಯನಿದ್ದ, ಆದರೂ ಕಿವಿಯ ಪಕ್ಕದಲ್ಲೇ ಅಂದಂತಿತ್ತು. ವೃಷಭ ವೇಗ ಹೆಚ್ಚಿಸಿದ.

ತನ್ನ ಪಾಳಿ ಮುಗಿಸಿ ಕೊನೆಗೆ ಬಂದಾಗ, ಮಂಜಿನಲ್ಲಿ ಎದುರಿಗೆ ಒಂದು ಬೆನ್ನು ಮಸುಕಾಗಿ ಕಂಡಿತು. ಸಮಾಧಾನನದೇ ಇರಬೇಕು. ಸಿದರಾಯನೂ ಸರಿದ. ಈಗ ಆ ಬೆನ್ನೇ ಎಲ್ಲರ ಮುಂದೆ. ಎಳೆಯಿತು... ಎಳೆಯುತ್ತಲೇ ಹೋಯಿತು. ಟೈರಿನ ಸರ್ರ್ ಇಲ್ಲ. ಚೈನಿನ ಕಿರ್ರ್ ಇಲ್ಲ. ಉಸಿರೂ ಇಲ್ಲ.

“ಸರೀಲೇ, ನನ್ನ ಪಾಳಿ ಬಂತು,” ಎಂದ ವೃಷಭ.

“ಇರ್ಲಿ... ಆಮ್ಯಾಲ ಅಂವಾ ತೀರಸ್ತಾನ.” ಮುಂದಿನಿಂದ ಅದೇ ಪಿಸುಮಾತು.

ಅಂವಾ? ಯಾವ ಅಂವಾ? ವೃಷಭನ ಬೆವರು ಮೈಮೇಲೇ ತಣ್ಣಗಾಯಿತು. ಆದರೆ ಗಾಲಿ ಬಿಡಲಿಲ್ಲ.

ಯಡೂರಿನಲ್ಲಿ ಗೆರೆ ದಾಟಿ ಬ್ರೇಕ್ ಹಿಡಿದ. ಇದ್ದವರು ಇಬ್ಬರೇ, ತಾನು ಮತ್ತು ಸಿದರಾಯ.

“ಮೂರೂ ಗಾಲಿ ಹ್ವಾದುವಲ್ರಿ! ನೀವ ಫಸ್ಟ್!” ಎಂದ ಬಾವುಟದವನು.

ಎಷ್ಟೋ ಹೊತ್ತಿನ ಮೇಲೆ ಸಮಾಧಾನ ಒಂದು ಟೆಂಪೋದಿಂದ ಇಳಿದ. ಕೈಯಲ್ಲಿ ಹರಿದ ಚೈನು.

“ಆಲದಮರದ ಕಡೆ ಹರೀತಲೇ. ಎಷ್ಟ್ ಒದರಿದ್ನಿ... ಒಬ್ರರ ತಿರುಗಿ ನೋಡಿದ್ರೇನ?”

ನಡೆದದ್ದನ್ನು ವೃಷಭ ಹೇಳಿದ. ಸಮಾಧಾನ ನಕ್ಕ. “ಹಂಗಾರ ಆ ಪಾಳಿ ನಾ ತೀರಸಬೇಕಲ್ಲ!”

ವೃಷಭನಿಗೆ ನಗು ಬರಲಿಲ್ಲ. ಗೆಳೆಯ ಮಂಜಿನಲ್ಲಿ ಒಬ್ಬನೇ ಆ ದಾರಿ ಹಿಡಿಯಬಾರದು, ಅಷ್ಟೇ ಅವನ ತಲೆಯಲ್ಲಿ. ಅವತ್ತೇ ಸಮಾಧಾನನ ಸೈಕಲ್ಲಿನ ಮುಂಗಾಲಿ ಬಿಚ್ಚಿ ತಂದು, ತಾನು ಒಣದ್ರಾಕ್ಷಿ ಇಡುವ ಕೋಣೆಯಲ್ಲಿ ಮೊಳೆಗೆ ತೂಗುಹಾಕಿದ. ಬೀಗ ಜಡಿದು, ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡ.

“ಹುಚ್ಚಪ್ಯಾಲಿ ಅದಿ ನೀ,” ಎಂದ ಸಮಾಧಾನ.

ಮತ್ತೆ ಮಂಜು ಬಿದ್ದ ಬೆಳಿಗ್ಗೆ ಸಮಾಧಾನನ ತಂಗಿ ಮಯೂರಿ ಫೋನ್ ಮಾಡಿದಳು. “ಅಣ್ಣ ಹಾಸಿಗ್ಯಾಗ ಇಲ್ರಿ... ಸೈಕಲ್ ಇಲ್ಲೇ ಐತಿ.”

ವೃಷಭ ಕೋಣೆಗೆ ಓಡಿದ. ಬೀಗ ಹಾಕಿದ ಹಾಗೇ ಇತ್ತು. ಒಳಗೆ ಗಾಲಿ ಮೊಳೆಯಲ್ಲೇ ಇತ್ತು... ನಿಧಾನಕ್ಕೆ ತಿರುಗುತ್ತಿತ್ತು. ಟೈರಿನ ತುಂಬ ಹಸಿ ಎರೆಮಣ್ಣು.

ತೀರದ ಆ ಪಾಳಿ ನೆನಪಾಗಿ, ಗಾಡಿ ಹತ್ತಿ ನೆಟ್ಟಗೆ ಯಡೂರಿಗೆ ಹೋದ. ಅಂದು ಗೆರೆ ಎಳೆದಿದ್ದ ಜಾಗದಲ್ಲೇ ಸಮಾಧಾನ ಕೂತಿದ್ದ. ಆ ಚಳಿಯಲ್ಲೂ ಮೈಯೆಲ್ಲ ಬೆವರು, ಬಾಯಿ ತುಂಬ ಏದುಸಿರು.

“ಏಳಲೇ, ಮನೀಗೆ ಹೋಗೂಣು.”

“ತೀರಸಿದ್ನಿ,” ಎಂದ ಸಮಾಧಾನ, ಮೆಲ್ಲಗೆ.

“ಏನ್ ತೀರಸಿದಿ?”

ವೃಷಭ ರಟ್ಟೆ ಹಿಡಿದು ಎತ್ತಿದ. ಸಮಾಧಾನನ ಮೈ ಮೇಲೆದ್ದಿತು, ಕಾಲು ಏಳಲಿಲ್ಲ. ಒದ್ದೆ ಬಟ್ಟೆಯಂತೆ ಜೋತುಬಿದ್ದವು.

ಮಿರಜದ ಡಾಕ್ಟರಿಗೂ ಕಾರಣ ಸಿಗಲಿಲ್ಲ. ಇದು ಕಟ್ಟಿದ ಕತೆಯಲ್ಲ. ನಾಳೆ ಬೆಳಿಗ್ಗೆ ಬನ್ನಿ, ತೋರಿಸುತ್ತೇನೆ. ಸಮಾಧಾನ ತನ್ನ ಮನೆಯ ಕಟ್ಟೆಯ ಮೇಲೇ ಕೂತಿರುತ್ತಾನೆ. ಆ ಪಾಳಿಗೆ ಅವನು ತೆತ್ತದ್ದು ಎರಡೂ ಕಾಲು.