ಸೀಟಿ ಊದಿದರೆ ತೆರೆಯುವ ಕ್ರೆಶ್

ಹೆಸರು: ಮರೆಪ್ಪ ಬಿನ್ ತಿಪ್ಪಯ್ಯ. ವಯಸ್ಸು: 54 ವರ್ಷ. ವಿದ್ಯೆ: ಊರ ಶಾಲೆಯಲ್ಲಿ ಆರನೇ ಇಯತ್ತೆ. ಉದ್ಯೋಗ: ಹೊಸೂರು ರಸ್ತೆಯ ಮೇಲ್ಸೇತುವೆಯನ್ನು ಕಟ್ಟಿ ನಿಲ್ಲಿಸಿದವನು, ಸದ್ಯ ಸೆಂಟ್ರಿಂಗ್ ಕೆಲಸ. ವಾಸ: ಹೆಬ್ಬಗೋಡಿಯ ಬಾಡಿಗೆ ವಠಾರ. ಸ್ವಂತ ಊರು: ರಾಯಚೂರು ಜಿಲ್ಲೆ ಮಾನ್ವಿ ತಾಲ್ಲೂಕು.

ತಮ್ಮ ಮುಂದೆ ಕುಳಿತು ಯಾರ ಒತ್ತಾಯವೂ ಇಲ್ಲದೆ ಬರೆಸುವುದೇನೆಂದರೆ: ಉದ್ಯೋಗದ ಜಾಗದಲ್ಲಿ ಪೇದೆಯವರು ಕೂಲಿ ಎಂದು ಬರೆಯಲು ಹೋದರು. ನಾನು ಬಿಡಲಿಲ್ಲ. ನನ್ನನ್ನು ಕೇಳದೆ ಎಂಜಿನಿಯರುಗಳು ಆ ಸೇತುವೆಯ ಒಂದು ಕಂಬವನ್ನೂ ಎಬ್ಬಿಸಿದವರಲ್ಲ.

ನನ್ನ ಅಕ್ಕ ಹನುಮವ್ವನ ಮಗಳು ಭಾಗ್ಯಶ್ರೀ, 26 ವರ್ಷ. ಗಂಡ ಬಿಟ್ಟುಹೋಗಿದ್ದಾನೆ. ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ಟೈಲರ್ ಆಗಿದ್ದಾಳೆ. ಮೂರು ವರ್ಷದ ಮಗಳು ಸಮೀಕ್ಷಾ. ನಾನು ಅವರ ಪಕ್ಕದ ಕೋಣೆಯಲ್ಲಿದ್ದೇನೆ.

ಕಳೆದ ಶುಕ್ರವಾರ ಮತ್ತು ಶನಿವಾರ ಕಾರ್ಖಾನೆಗೆ ಪರದೇಶದ ಖರೀದಿದಾರರ ಕಡೆಯಿಂದ ತಪಾಸಣೆಯವರು ಬಂದಿದ್ದರು. ಅಂಥ ದಿನ ಮಕ್ಕಳನ್ನು ಕರೆತನ್ನಿ ಎಂದು ಸೂಪರ್‌ವೈಸರ್ ತಾಯಂದಿರಿಗೆ ಹೇಳುವುದು ಅಲ್ಲಿನ ರೂಢಿ. ಮಕ್ಕಳನ್ನು ನೋಡಿಕೊಳ್ಳುವ ಕ್ರೆಶ್ ಕೊಠಡಿಯನ್ನು ಆಗ ಮಾತ್ರ ತೆರೆಯುತ್ತಾರೆ. ಸಮೀಕ್ಷಾ ಎರಡು ದಿನ ಅಲ್ಲಿ ಪ್ಲಾಸ್ಟಿಕ್ ಆನೆಯ ಮೇಲೆ ಕುಳಿತು ಆಡಿ, ಮನೆಗೆ ಬಂದು ನೀನೂ ಆನೆ ಆಗು ಎಂದು ಹೇಳಿ ನನ್ನ ಬೆನ್ನೇರಿದಳು.

ಸೋಮವಾರ ಬೆಳಿಗ್ಗೆ ಭಾಗ್ಯಶ್ರೀ ಮಗುವನ್ನು ಕರೆದುಕೊಂಡೇ ಹೋದಳು. ಕ್ರೆಶ್‌ಗೆ ಬೀಗ ಬಿದ್ದಿತ್ತು. ಒಳಗೆ ಬರ್ತೀಯೋ, ಮನೆಗೆ ಹೋಗ್ತೀಯೋ, ಬೇಗ ಹೇಳಮ್ಮ, ಲೈನ್ ನಿಂತಿದೆ ಎಂದು ಸೂಪರ್‌ವೈಸರ್ ಹೇಳಿದನೆಂದು ಅವಳು ನನಗೆ ತಿಳಿಸಿದ್ದಾಳೆ. ಅವಳು ಮಗುವನ್ನು ಗೇಟಿನ ಕಾವಲುಗಾರ ರಾಮಾಂಜಿನಪ್ಪನ ಶೆಡ್ಡಿನಲ್ಲಿ ಕೂರಿಸಿ, ಕೈಗೆ ಬಿಸ್ಕತ್ತಿನ ಪೊಟ್ಟಣ ಕೊಟ್ಟು ಒಳಗೆ ಹೋದಳು. ಹತ್ತು ಗಂಟೆಗೆ ರಾಮಾಂಜಿನಪ್ಪನನ್ನು ಹಿಂದಿನ ಗೇಟಿಗೆ ಹಾಕಿದರು. ಮಗು ನಡೆದುಕೊಂಡು ಸರ್ವಿಸ್ ರಸ್ತೆಗೆ ಬಂತು. ಒಬ್ಬ ಆಟೋದವನು ಗಾಡಿ ಅಡ್ಡ ನಿಲ್ಲಿಸಿ ಅದನ್ನು ಎತ್ತಿಕೊಂಡನು. ಅವನು ದೇವರಂಥವನು, ಹೆಸರು ಗೊತ್ತಿಲ್ಲ.

ಕಾರ್ಖಾನೆಯ ಮ್ಯಾನೇಜರ್ ಚಿನ್ಮಯ್ ಅವರು ಠಾಣೆಗೆ ದೂರು ಕೊಟ್ಟರು. ನಮ್ಮಲ್ಲಿ ಪ್ರತಿದಿನ ಕ್ರೆಶ್ ತೆರೆದಿರುತ್ತದೆ, ಆದರೂ ತಾಯಿ ಮಗುವನ್ನು ರಸ್ತೆಗೆ ಬಿಟ್ಟಿದ್ದಾಳೆ ಎಂಬುದು ಆ ದೂರು. ಮಗುವನ್ನು ಬಾಲಮಂದಿರಕ್ಕೆ ಕಳಿಸಿದರು. ಭಾಗ್ಯಶ್ರೀಯ ಮೇಲೆ ಕೇಸಾಯಿತು.

ಅದೇ ಸಂಜೆ ಇದೇ ಬೆಂಚಿನ ಮೇಲೆ ಸಿಂಗಸಂದ್ರದ ಹರ್ಷವರ್ಧನ್ ಎಂಬುವರು ಹೆಂಡತಿಯೊಂದಿಗೆ ಕುಳಿತಿದ್ದರು. ಅವರು ಮಗುವನ್ನು ಕಾರಿನೊಳಗೆ ಮರೆತು ಅಂಗಡಿಗೆ ಹೋಗಿದ್ದರು, ಅಲ್ಲಿನ ಕಾವಲುಗಾರರು ಗಾಜು ಒಡೆದು ಮಗುವನ್ನು ಹೊರತೆಗೆದಿದ್ದರು. ಠಾಣೆಯವರು ಅವರಿಗೆ ಟೀ ತರಿಸಿದರು. ಕೆಲಸದ ಟೆನ್ಷನ್‌ನಲ್ಲಿ ಆಗುತ್ತೆ ಮೇಡಂ, ಹುಷಾರು ಎಂದು ಹೇಳಿ, ಮಗುವನ್ನು ತಾಯಿಯ ಕೈಗೇ ಕೊಟ್ಟು ಕಳಿಸಿದರು. ಕೊಟ್ಟದ್ದು ಸರಿಯೇ, ಮಗು ಅಮ್ಮನನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಭಾಗ್ಯಶ್ರೀ ನೀರು ಕೇಳಿದಾಗ ನಲ್ಲಿ ಹೊರಗಿದೆ ಎಂದರು. ಇದನ್ನೂ ಬರೆಯಬೇಕಾ ಎಂದು ಪೇದೆಯವರು ಈಗ ಕೇಳಿದರು. ಬರೀರಿ ಸಾಹೇಬ್ರ, ಸಹಿ ನಂದೇ ಅಲ್ಲೇನ್ರಿ ಎಂದೆನು.

ನಾಳೆ ಶುಕ್ರವಾರ ಮಕ್ಕಳ ಕಲ್ಯಾಣ ಸಮಿತಿ ಕೂರುತ್ತದೆ. ಕ್ರೆಶ್ ಇದ್ದೂ ಬಿಟ್ಟಳು ಎಂಬ ಮಾತು ನಿಂತರೆ ಮಗು ಸದ್ಯಕ್ಕೆ ಸಿಗುವುದಿಲ್ಲವೆಂದು ತಿಳಿಯಿತು. ಆದ್ದರಿಂದ ಇಂದು ನಾನೇ ತಪಾಸಣೆ ಮಾಡಲು ತೀರ್ಮಾನಿಸಿದೆನು.

ನಮ್ಮ ವಠಾರದ ಮುಂದಿನ ಫೋಟೋ ಸ್ಟುಡಿಯೋದ ಸಂಗಮೇಶ್ ನನಗೆ ಕೋಟು ಕೊಟ್ಟನು. ಅದು ಪಾಸ್‌ಪೋರ್ಟ್ ಫೋಟೋಕ್ಕೆ ಇಟ್ಟಿರುವ ಕೋಟು. ಎಲ್ಲರ ಮೈಗೂ ಆಗಲೆಂದು ಬೆನ್ನು ಸೀಳಿ ಕ್ಲಿಪ್ಪು ಹಾಕಿದ್ದಾರೆ. ಕೊರಳಿಗೆ ಮೆಟ್ರೋ ಕಾರ್ಡನ್ನು ದಾರದಲ್ಲಿ ಕಟ್ಟಿಕೊಂಡೆನು. ಸಂಗಮೇಶ್ ಕ್ಯಾಮೆರಾ ಹಿಡಿದು ಹಿಂದೆ ಬಂದನು. ಬ್ಯಾಡ ಕಾಕಾ, ಇಬ್ರನೂ ಒದ್ದು ಒಳಗ ಹಾಕ್ತಾರ ಎಂದು ಬಸ್ಸಿನಲ್ಲಿ ನಾಲ್ಕು ಸಲ ಹೇಳಿದನು.

ಬೆಳಿಗ್ಗೆ 11:20ಕ್ಕೆ ಗೇಟಿನಲ್ಲಿ ನಿಂತು ಒಂದೇ ಮಾತು ಹೇಳಿದೆನು: ಕ್ರೆಶ್. ರಾಮಾಂಜಿನಪ್ಪ ಎದ್ದು ಸಲಾಮು ಹೊಡೆದು, ಮೊದ್ಲೇ ಒಂದು ಫೋನ್ ಮಾಡ್ಬಾರ್ದಾ ಸಾರ್ ಎನ್ನುತ್ತಲೇ ಮೂರು ಸಲ ಸೀಟಿ ಊದಿದನು. ಆ ಮೂರು ಸೀಟಿಗೆ ಇಡೀ ಕಾರ್ಖಾನೆ ಎದ್ದ ಹಾಗಾಯಿತು. ಒಬ್ಬ ಬೀಗ ತೆಗೆದ. ಒಬ್ಬ ಆನೆಯ ಮೇಲಿನ ಪ್ಲಾಸ್ಟಿಕ್ ಹೊದಿಕೆ ಕಿತ್ತ. ಬಲೂನು ಊದುತ್ತ ಒಬ್ಬ ಓಡಿಬಂದ. ತೋರಿಸಲು ಮಕ್ಕಳಿಲ್ಲದೆ ಎದುರಿನ ಟೀ ಅಂಗಡಿಯವನ ಕೂಸನ್ನು ಎತ್ತಿ ತಂದು ತೊಟ್ಟಿಲಿಗೆ ಹಾಕಿದರು. ನಾನು ಕಿಟಕಿಯ ಮೇಲೆ ಬೆರಳು ಎಳೆದು ಧೂಳು ನೋಡಿದೆನು. ಕೋಟಿನ ಕಾರಣ ಯಾರಿಗೂ ಬೆನ್ನು ತೋರಿಸದೆ ಅಡ್ಡಡ್ಡ ನಡೆದೆನು. ದೊಡ್ಡ ಅಧಿಕಾರಿಗಳು ನಡೆಯುವುದೇ ಹೀಗೆ ಎಂದು ಅವರು ತಿಳಿದರು.

ಗುಂಡಿ ಹೊಲಿಯುವ ವಿಭಾಗದ ಮಹಾಂತಮ್ಮ ಎಂಬಾಕೆಗೆ ಹಸಿರು ಏಪ್ರನ್ ಕಟ್ಟಿ ಆಯಾ ಎಂದು ನಿಲ್ಲಿಸಿದ್ದರು. ಎಷ್ಟು ದಿನದಿಂದ ಆಯಾ ಎಂದು ಕೇಳಿದೆನು. ಈಗ ಐದ ನಿಮಿಷ ಆತ್ರಿ ಸಾಹೇಬ್ರ ಎಂದು ಅವಳು ಹೇಳಿದಳು. ಈ ಮಾತು, ಬೀಗ ತೆಗೆದದ್ದು, ಹೊದಿಕೆ ಕಿತ್ತದ್ದು, ಎಲ್ಲವೂ ಸಂಗಮೇಶನ ವಿಡಿಯೋದಲ್ಲಿದೆ. ಕ್ಯಾಮೆರಾದ ಮೆಮೊರಿ ಕಾರ್ಡನ್ನು ಈ ದಿನ ಹಾಜರುಪಡಿಸಿದ್ದೇನೆ.

ಚಿನ್ಮಯ್ ಅವರು ಕಾಫಿ ತಂದು, ಪ್ರತಿದಿನ ಹೀಗೇ ಇರುತ್ತೆ ಸಾರ್ ಎಂದರು. ಅಷ್ಟರಲ್ಲಿ ಟೀ ಅಂಗಡಿಯ ಕೂಸು ತೊಟ್ಟಿಲಿನಿಂದ ಗಿಲಕಿ ಬೀಳಿಸಿತು. ನಾನು ಬಗ್ಗಿದೆನು. ಕ್ಲಿಪ್ಪುಗಳು ಹಾರಿದವು. ಮಹಾಂತಮ್ಮ ಮೊದಲು ನಕ್ಕಳು, ಆಮೇಲೆ ಎಲ್ಲರೂ ನಕ್ಕರು, ಚಿನ್ಮಯ್ ಅವರು ಠಾಣೆಗೆ ಫೋನ್ ಮಾಡಿದರು. ವೇಷ ಹಾಕಿದ್ದು ನಿಜ. ಅದಕ್ಕೆ ಏನು ಕೇಸು ಬೇಕಾದರೂ ಹಾಕಿಕೊಳ್ಳಿ. ವಿಡಿಯೋ ಮಾತ್ರ ನಾಳೆ ಸಮಿತಿಯ ಮುಂದೆ ಹೋಗಬೇಕು.

ಮೇಲಿನದನ್ನೆಲ್ಲ ಪೇದೆಯವರು ಓದಿ ಹೇಳಿದರು. ಆಗ ಇನ್‌ಸ್ಪೆಕ್ಟರ್ ಸಾಹೇಬರು, ತಪಾಸಣೆ ಇಲ್ಲದ ದಿನ ಮಗು ಎಲ್ಲಿರುತ್ತಿತ್ತು ಎಂದು ಕೇಳಿದರು. ವಠಾರದ ಸೊಣ್ಣಮ್ಮ ನೋಡಿಕೊಳ್ಳುತ್ತಾಳೆ, ವಾರದ ಹಣ ಮುಂಗಡ ಕೊಡಬೇಕು ಎಂದೆನು. ಈ ವಾರ ಯಾಕೆ ಕೊಡಲಿಲ್ಲ ಎಂದು ಕೇಳಿದರು. ಭಾಗ್ಯಶ್ರೀ ಕೊಟ್ಟಿದ್ದಳು. ಭಾನುವಾರ ನನ್ನ ಕೈಗೆ ಕೊಟ್ಟು, ಸೊಣ್ಣಮ್ಮಗ ಮುಟ್ಟಿಸು ಮಾವ ಎಂದಿದ್ದಳು. ನನ್ನ ಐವತ್ತು ಸಾವಿರದ ಜೊತೆ ಅದನ್ನೂ ಬಸ್ಸಿನಲ್ಲಿ ಜೇಬುಗಳ್ಳ ಹೊಡೆದನೆಂದು ಅವಳಿಗೆ ಹೇಳಿದ್ದೆನು, ಸಾಹೇಬರಿಗೂ ಹಾಗೇ ಹೇಳಿದೆನು. ಅವರು ಬರೆಯಬೇಡಿ ಎಂದು ಪೇದೆಯವರಿಗೆ ಸನ್ನೆ ಮಾಡಿ, ನನ್ನನ್ನೇ ನೋಡುತ್ತ ಕುಳಿತರು.

ಈಗ ಬರೆಸುತ್ತೇನೆ. ಕಳ್ಳ ಇರಲಿಲ್ಲ. ಗುಜರಿ ಗೋದಾಮಿನ ಹಿಂದೆ ಅಂದರ್ ಬಾಹರ್ ಆಡಿ ನಾನೇ ಸೋತೆನು. ಮಗುವಿಗೆ ಜಾಗವಿಲ್ಲದಂತೆ ಮಾಡಿದವನು ನಾನು, ಕೇಸಿನಲ್ಲಿ ನನ್ನ ಹೆಸರಿಲ್ಲ, ತಾಯಿಯ ಹೆಸರಿದೆ. ಇದನ್ನೂ ಸಮಿತಿಗೆ ಕಳಿಸಿರಿ. ಬರೆಸಿದ್ದರಲ್ಲಿ ಸೇತುವೆಯದನ್ನು ಬಿಟ್ಟು ಉಳಿದದ್ದು ಸತ್ಯ. ಸೋತ ಹಣ ಆರುನೂರು ರೂಪಾಯಿ.

ಸ್ಥಳ: ಠಾಣೆಯ ವರಾಂಡ
ದಿನಾಂಕ: 20-11-2025
ಸಹಿ: ಮರೆಪ್ಪ